ಮೊಳೆ ಜೋಡಿಸಿದ ಕೈ

(ಪತ್ರಿಕಾ ದಿನದ ಸಂಜೆ ಚಿಕ್ಕಮಗಳೂರಿನಲ್ಲಿ ಆಡಿದ ಮಾತು. ಬರೆದುಕೊಳ್ಳುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜುಲೈ 1ಕ್ಕೆ ಬಂದು ನಾಲ್ಕು ಮಾತು ಹೇಳಿ ಅಂತ ನೀವು ಕರೆದಾಗ ನನಗೆ ಸ್ವಲ್ಪ ಗಾಬರಿಯೇ ಆಯಿತು. ನಾನು ಪತ್ರಕರ್ತೆ ಅಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದವಳು. ಎರಡು ದಿನ ಯೋಚನೆ ಮಾಡಿ, ನಮ್ಮ ಸೋದರಮಾವನ ಬಗ್ಗೆ ಮಾತಾಡಬಹುದಾ ಅಂತ ಫೋನ್ ಮಾಡಿ ಕೇಳಿದೆ. ಧಾರಾಳವಾಗಿ ಮಾತಾಡಿ ಅಂದಿರಿ. ಅದಕ್ಕೆ ಧೈರ್ಯ ಮಾಡಿ ಬಂದಿದ್ದೇನೆ.

ನಮ್ಮ ಮಾವ ಇದೇ ಊರಿನ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್, ಅಂದರೆ ಅಚ್ಚಿಗೆ ಅಕ್ಷರ ಜೋಡಿಸುವವರು, ಆಗಿದ್ದರು. 1958ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಕೆಲಸಕ್ಕೆ ಸೇರಿದವರು. ಏಳನೇ ಕ್ಲಾಸಿಗೆ ಓದು ನಿಂತಿತ್ತು. ಅಲ್ಲಿಂದ ಸುಮಾರು ನಲವತ್ತು ವರ್ಷ, ಈ ಊರಿನಲ್ಲಿ ಅಚ್ಚಾದ ಎಷ್ಟು ಸಾವಿರ ಕಾಗದ ಅವರ ಬೆರಳಿನಿಂದ ಬಂದಿವೆಯೋ ಲೆಕ್ಕ ಇಟ್ಟವರಿಲ್ಲ. ಇಲ್ಲಿ ಕೂತಿರುವ ಹಿರಿಯರಲ್ಲಿ ಕೆಲವರ ಲಗ್ನಪತ್ರಿಕೆಯನ್ನೂ ಅವರೇ ಜೋಡಿಸಿರಬಹುದು. ನಿಮಗೆ ಅದು ಗೊತ್ತಿರುವ ಸಾಧ್ಯತೆ ಕಡಿಮೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ' ಬಂತು. ಕನ್ನಡದ ಮೊದಲ ಪತ್ರಿಕೆ. ತಂದವರು ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್. ಅದಕ್ಕೇ ನಾವು ಇವತ್ತು ಇಲ್ಲಿ ಸೇರಿರೋದು. ಆ ಪತ್ರಿಕೆಗೆ ಲೋಹದ ಅಕ್ಷರದ ಮೊಳೆ ಇರಲಿಲ್ಲ, ಕಲ್ಲಚ್ಚು. ಕಲ್ಲಿನ ಮೇಲೆ ಅಕ್ಷರ ಮೂಡಿಸಿ ಅಚ್ಚು ಹಾಕುತ್ತಿದ್ದರು. ಆಮೇಲೆ 1894ರಲ್ಲಿ ಅದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಕಿಟೆಲ್ ಅವರ ನಿಘಂಟು ಬಂತು. 1,700ಕ್ಕೂ ಜಾಸ್ತಿ ಪುಟ. ಅಷ್ಟೂ ಕೈಯಲ್ಲಿ ಮೊಳೆ ಜೋಡಿಸಿ ಮಾಡಿದ್ದು. ಕಾಲೇಜಿನಲ್ಲಿದ್ದಾಗ ಲೈಬ್ರರಿಯಿಂದ ಅದನ್ನು ಮನೆಗೆ ತಂದಿದ್ದೆ. ಮಾವ ಊಟ ಬಿಟ್ಟು ಅದರ ಮುಂದೆ ಕೂತರು. ಅರ್ಥ ನೋಡಲಿಲ್ಲ. ಒಂದೊಂದು ಪುಟಾನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಒಂದೇ ಸಾಲಿನಲ್ಲಿ ಕನ್ನಡ, ಇಂಗ್ಲಿಷ್, ದಪ್ಪ ಅಕ್ಷರ, ಓರೆ ಅಕ್ಷರ, ಕಂಸ, ಚುಕ್ಕಿ. "ಎಷ್ಟು ಜನ ನಿಂತ್ಕೊಂಡು ಮಾಡಿರ್ಬೇಕು ಕಣೇ ಪುಟ್ಟಿ" ಅಂದರು. ಆ ನಿಘಂಟಿನ ಬಗ್ಗೆ ಆಮೇಲೆ ನಾನು ತುಂಬ ಜನ ಮಾತಾಡೋದು ಕೇಳಿದ್ದೇನೆ. ನಿಂತುಕೊಂಡವರ ಬಗ್ಗೆ ಕೇಳಿದ್ದು ಮಾವ ಒಬ್ಬರೇ.

ಈಗಿನ ಮಕ್ಕಳಿಗೆ ಮೊಳೆ ಅಂದರೆ ಗೋಡೆಗೆ ಹೊಡೆಯೋದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಚ್ಚಿನ ಮೊಳೆ ಅಂದರೆ ಸೀಸ, ತವರ, ಆಂಟಿಮನಿ ಸೇರಿಸಿ ಎರಕ ಹೊಯ್ದ ಸಣ್ಣ ಕಡ್ಡಿ. ತುದಿಯಲ್ಲಿ ಅಕ್ಷರ ತಿರುಗುಮುರುಗಾಗಿ ಇರುತ್ತದೆ. ಮಾವನ ಮುಂದೆ ಓರೆಯಾಗಿ ನಿಲ್ಲಿಸಿದ ಮರದ ಕೇಸುಗಳು. ಒಂದೊಂದರಲ್ಲೂ ಸಣ್ಣ ಸಣ್ಣ ಮನೆಗಳು. ಜಾಸ್ತಿ ಬೇಕಾಗುವ ರ, ದ, ನ, ತ, ಲ ಕೈಗೆ ಹತ್ತಿರ. ಙ, ಞ ಪಾಪ ದೂರದ ಮೂಲೆಯಲ್ಲಿ. ಕನ್ನಡಕ್ಕೆ ಬರೀ ಅಕ್ಷರ ಸಾಲದು. ದೀರ್ಘ, ಕೊಂಬು, ಐತ್ವ, ಒಂದೊಂದು ಒತ್ತು, ಅರ್ಕಾವೊತ್ತು, ಎಲ್ಲಕ್ಕೂ ಬೇರೆ ಮೊಳೆ. ಇಂಗ್ಲಿಷಿನಲ್ಲಿ ಎರಡು ಕೇಸಿಗೆ ಮುಗಿಯುವ ಕೆಲಸಕ್ಕೆ ಮಾವ ನಾಲ್ಕು ಕೇಸಿನ ಮೇಲೆ ಕೈ ಆಡಿಸುತ್ತಿದ್ದರು. ಎಡಗೈಯಲ್ಲಿ ಸ್ಟಿಕ್ಕು, ಅಂದರೆ ಮೊಳೆ ಸಾಲಾಗಿ ನಿಲ್ಲಿಸುವ ಸಣ್ಣ ತಟ್ಟೆ. ಅದರೊಳಗೆ ಸಾಲು ನಿಲ್ಲುತ್ತಾ ಹೋಗುತ್ತದೆ, ಎಡ ಹೆಬ್ಬೆರಳು ಕೊನೆಯ ಮೊಳೆಯನ್ನು ಒತ್ತಿ ಹಿಡಿದಿರುತ್ತದೆ. ಕಣ್ಣು ಬರೆದುಕೊಟ್ಟ ಕಾಗದದ ಮೇಲೆ, ಬಲಗೈ ತನ್ನ ಪಾಡಿಗೆ ಹೋಗಿ ಮೊಳೆ ತರುತ್ತದೆ. ಮೊಳೆಯ ಮೈಮೇಲೆ ಒಂದು ಗೀರು ಇರುತ್ತದೆ. ಬೆರಳಿಗೆ ಆ ಗೀರು ಸಿಕ್ಕಿದರೆ ಸಾಕು, ಯಾವ ಕಡೆ ತಿರುಗಿದೆ ಅಂತ ನೋಡದೇ ಗೊತ್ತಾಗುತ್ತದೆ. ಟಿಕ್ ಟಿಕ್ ಅಂತ ಸಣ್ಣ ಸದ್ದು. ಮನೆಯಲ್ಲಿ ಅನ್ನ ಕಲಸುವಾಗಲೂ ಮಾವನ ಎಡ ಹೆಬ್ಬೆರಳು ಮಡಚಿಕೊಂಡೇ ಇರುತ್ತಿತ್ತು.

ಸ್ಟಿಕ್ಕಿನಲ್ಲಿ ಸಾಲು ಎಡದಿಂದ ಬಲಕ್ಕೇ ಹೋಗುತ್ತದೆ, ಆದರೆ ಅಕ್ಷರ ತಲೆಕೆಳಗು. ಕೆರೆ ದಡದಲ್ಲಿರುವ ಬೋರ್ಡು ನೀರಿನಲ್ಲಿ ಕಾಣುತ್ತದಲ್ಲ, ಹಾಗೆ. ನಾನು ಅಕ್ಷರ ಕಲಿತದ್ದು ಅಲ್ಲಿ. ಅಪ್ಪ ಇರಲಿಲ್ಲ. ಅಮ್ಮ ನನ್ನನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ಮಾವ ನನ್ನನ್ನು ಪ್ರೆಸ್ಸಿಗೆ ಕರೆದುಕೊಂಡು ಹೋಗಿ ಒಂದು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಒಂದನೇ ಕ್ಲಾಸಿಗೆ ಸೇರಿಸಿದಾಗ ಸ್ಲೇಟಿನ ಮೇಲೆ ಅ ಆ ಇ ಈ ಎಲ್ಲವನ್ನೂ ನೀರಿನಲ್ಲಿ ಕಂಡ ಹಾಗೆ ಬರೆದೆ. ಮೇಷ್ಟ್ರು ಮನೆಯವರನ್ನು ಕರೆಸಿದರು. ಮಗುವಿಗೆ ಏನೋ ತೊಂದರೆ ಇದೆ ಅಂತ ಅಮ್ಮ ಅಳುವುದೊಂದು ಬಾಕಿ. ಮಾವ ಬಂದು ಸ್ಲೇಟು ತೆಗೆದುಕೊಂಡು, ಒಂದೂ ತಡವರಿಸದೆ ಓದಿದರು. "ಒಂದೂ ತಪ್ಪಿಲ್ಲ ಮೇಷ್ಟ್ರೇ. ಮಸಿ ಹಚ್ಚಿ ಒತ್ತಿದ್ರೆ ಸರಿಯಾಗೇ ಬೀಳುತ್ತೆ" ಅಂದರು. ಆವತ್ತು ರಾತ್ರಿಯಿಂದ ದಿನಾ ಅರ್ಧ ಗಂಟೆ ಕೂರಿಸಿಕೊಂಡು ನೆಟ್ಟಗೆ ಬರೆಯೋದು ಕಲಿಸಿದರು. ನನಗೆ ಒಂದು ಏಟೂ ಬೀಳಲಿಲ್ಲ.

ಹೊಸದಾಗಿ ಸೇರಿದ ಹುಡುಗರಿಗೆ ಮೊದಲು ಜೋಡಿಸೋದು ಕೊಡುತ್ತಿರಲಿಲ್ಲ. ಅಚ್ಚಾದ ಮೇಲೆ ಪುಟ ಬಿಚ್ಚಿ, ಸೀಮೆಎಣ್ಣೆಯಲ್ಲಿ ಮಸಿ ತೊಳೆದು, ಮೊಳೆಗಳನ್ನು ಮತ್ತೆ ಅವವುಗಳ ಮನೆಗೆ ಹಾಕಬೇಕು. ಪ್ರೆಸ್ಸಿನವರು ಅದಕ್ಕೆ ಡಿಸ್ಟ್ರಿಬ್ಯೂಷನ್ ಅನ್ನುತ್ತಿದ್ದರು. ಮಾವನೂ ಅದರಿಂದಲೇ ಶುರು ಮಾಡಿದ್ದು. ದ ಹೋಗಿ ಧ ಮನೆಯಲ್ಲಿ ಬಿದ್ದರೆ ನಾಳೆ ಯಾರದೋ ಕಾರ್ಡಿನಲ್ಲಿ ವಧು ಹೋಗಿ ವದು ಆಗುತ್ತಾಳೆ. ಜೋಡಿಸೋನ ತಪ್ಪಲ್ಲ ಅದು, ನಿನ್ನೆ ವಾಪಸ್ ಹಾಕಿದವನದು. "ವಾಪಸ್ ಹಾಕೋದ್ರಲ್ಲೇ ಇರೋದು ಕೆಲಸ" ಅನ್ನೋರು. ನಾನು ಕ್ಲಾಸಿನಲ್ಲಿ ಕಾಗುಣಿತ ತಿದ್ದುವಾಗೆಲ್ಲ ಈ ಮಾತು ಕಿವಿಯಲ್ಲಿರುತ್ತಿತ್ತು.

1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಆಯಿತು. ನಾವೆಲ್ಲ ಶಾಲೆಯಲ್ಲಿ ಸಿಹಿ ತಿಂದೆವು. ಪ್ರೆಸ್ಸಿನಲ್ಲಿ ಬೇರೆಯೇ ಗಡಿಬಿಡಿ. ಲೆಟರ್‌ಹೆಡ್ಡು, ರಸೀದಿ ಪುಸ್ತಕ, ಅರ್ಜಿ ಫಾರಂ, ಎಲ್ಲದರಲ್ಲೂ 'ಮೈಸೂರು ರಾಜ್ಯ' ತೆಗೆದು 'ಕರ್ನಾಟಕ' ಹಾಕಬೇಕು. ಮೊಳೆಯಲ್ಲಿ ಕರ್ನಾಟಕ ಅಂದರೆ ಕ, ನಾ, ಅರ್ಕಾವೊತ್ತು, ಟ, ಕ. ಸೂರ್ಯ, ಧರ್ಮ, ವರ್ಷ ಅಂತ ದಿನಕ್ಕೆ ಇಷ್ಟು ಬೇಕಾಗುತ್ತಿದ್ದ ಅರ್ಕಾವೊತ್ತು ಈಗ ಒಂದೊಂದು ಕಾಗದದ ನೆತ್ತಿಯ ಮೇಲೂ ಬೇಕಾಯಿತು. ಮನೆ ಖಾಲಿ. ಬೆಂಗಳೂರಿನಿಂದ ಹೊಸ ಮೊಳೆ ಬರುವವರೆಗೆ, ಒಂದು ಕೆಲಸ ಅಚ್ಚಾಗಿ ಬಿಚ್ಚಿದ ಕೂಡಲೇ ಅದರ ಅರ್ಕಾವೊತ್ತನ್ನು ಬಿಸಿ ಬಿಸಿ ದೋಸೆ ಹಾಗೆ ಇನ್ನೊಂದಕ್ಕೆ ಹಾಕುತ್ತಿದ್ದರಂತೆ. ರಾಜ್ಯದ ಹೆಸರು ಬದಲಾದದ್ದನ್ನು ನಾನು ಇವತ್ತಿಗೂ ಆ ಒಂದು ಗುರುತಿನಿಂದಲೇ ನೆನಪಿಟ್ಟುಕೊಂಡಿದ್ದೇನೆ.

ಮಳೆಗಾಲದ ಕಥೆ ಬೇರೆ. ನಮ್ಮೂರಿನ ಮಳೆ ನಿಮಗೆ ಗೊತ್ತೇ ಇದೆ. ಕಾಗದ ತೇವ ಹಿಡಿದು ಸೊರಗುತ್ತದೆ. ಮಸಿ ಹಚ್ಚುವ ರೋಲರುಗಳನ್ನು ಆಗ ಸರೇಸು, ಬೆಲ್ಲದ ಪಾಕ ಕಾಯಿಸಿ ಎರೆಯುತ್ತಿದ್ದರು. ಜುಲೈ ಬಂತೆಂದರೆ ಅವು ಮೆತ್ತಗಾಗಿ ಅಂಟುತ್ತಿದ್ದವು. ಸಾಲದ್ದಕ್ಕೆ ಬೆಲ್ಲದ ವಾಸನೆಗೆ ಇಲಿ ಬಂದು ಕಡಿಯುತ್ತಿದ್ದವು. ರಾತ್ರಿ ಬಾಗಿಲು ಹಾಕುವ ಮೊದಲು ಮಾವ ರೋಲರುಗಳನ್ನು ಬಟ್ಟೆ ಸುತ್ತಿ ಮೇಲೆ ತೂಗುಹಾಕುತ್ತಿದ್ದರು. ಅದು ಕಂಪೋಸಿಟರ್ ಕೆಲಸ ಅಲ್ಲ, ಮೆಷಿನ್‌ನವರದ್ದು. ಆದರೂ ಇವರೇ ಮಾಡೋರು.

1978ರ ನವೆಂಬರ್ ಹತ್ತಿರ ಬರುವಾಗ ಇಡೀ ದೇಶ ನಮ್ಮೂರಿನ ಕಡೆ ತಿರುಗಿತ್ತು. ಇಂದಿರಾ ಗಾಂಧಿ ಇಲ್ಲಿಂದ ಲೋಕಸಭೆ ಉಪಚುನಾವಣೆಗೆ ನಿಂತಿದ್ದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ನನಗೆ ಆಗ ಹನ್ನೆರಡು ವರ್ಷ. ಮಾವ ರಾತ್ರಿ ಮನೆಗೆ ಬರುತ್ತಿರಲಿಲ್ಲ. ನಾನೇ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ಪಕ್ಷದ ಕರಪತ್ರ ಟ್ರೆಡಲ್ ಅನ್ನೋ ಅಚ್ಚಿನ ಮೆಷಿನ್ ಮೇಲೆ ಓಡುತ್ತಿದ್ದರೆ ಇನ್ನೊಂದು ಪಕ್ಷದ್ದು ಪುಟ ಬಿಗಿಯುವ ಕಲ್ಲಿನ ಮೇಲೆ ತಯಾರಾಗುತ್ತಿತ್ತು. ಇಂದಿರಾ ಅವರ ಹಸ್ತದ ಗುರುತಿನ ಬ್ಲಾಕೂ ಪಾಟೀಲರ ನೇಗಿಲು ಹೊತ್ತ ರೈತನ ಗುರುತಿನ ಬ್ಲಾಕೂ ಒಂದೇ ಹಲಗೆಯ ಮೇಲೆ ಪಕ್ಕ ಪಕ್ಕ ಕೂತಿದ್ದನ್ನು ನಾನು ನೋಡಿದ್ದೇನೆ. "ನೀವು ಯಾರ ಕಡೆ ಮಾವ?" ಅಂತ ಕೇಳಿದೆ. "ಎರಡರಲ್ಲೂ ತಪ್ಪು ಇರಬಾರದು" ಅಂದರು. ಅವರ ವೋಟು ಯಾರಿಗೆ ಹೋಯಿತು ಅಂತ ಅತ್ತೆಗೂ ಹೇಳಲಿಲ್ಲ.

ಕೈಗೆ ಅಂಟಿದ ಸೀಸದ ಬಗ್ಗೆ ಅವರಿಗೆ ಹೆದರಿಕೆ ಇತ್ತು. ಊಟಕ್ಕೆ ಮುಂಚೆ ಬಟ್ಟೆ ಸೋಪಿನಲ್ಲಿ ಮೊಣಕೈವರೆಗೆ ತಿಕ್ಕಿ ತೊಳೆಯುತ್ತಿದ್ದರು. ಸಂಜೆ ಒಂದು ಚೂರು ಬೆಲ್ಲ ತಿಂದರೆ ವಿಷ ಇಳಿಯುತ್ತೆ ಅಂತ ಪ್ರೆಸ್ಸಿನಲ್ಲಿ ಎಲ್ಲರೂ ನಂಬಿದ್ದರು. ಇಳಿಯುವುದಿಲ್ಲ. ಆದರೆ ಆ ಬೆಲ್ಲದಲ್ಲಿ ಅರ್ಧ ನನಗೆ ಬರುತ್ತಿತ್ತು. ನಿಂತೂ ನಿಂತೂ ಕಾಲಿನ ನರ ಹಗ್ಗದ ಹಾಗೆ ಉಬ್ಬಿಕೊಂಡಿದ್ದವು. ರಾತ್ರಿ ಅತ್ತೆ ಬಿಸಿನೀರು ಹಾಕುವಾಗ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು.

ಈಗ ಹೇಳುವುದು 1983ರ ಸಂಗತಿ. ಮೂಡಿಗೆರೆ ಕಡೆಯ ಒಂದು ಹಳ್ಳಿಯವರು ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಿ 400 ಕಾರ್ಡು ತೆಗೆದುಕೊಂಡು ಹೋಗಿದ್ದರು. ಮದುವೆ ಮೇ 11ಕ್ಕೆ. ರಾತ್ರಿ ಊಟಕ್ಕೆ ಕೂತ ಮಾವ ತುತ್ತು ಕೈಯಲ್ಲೇ ಹಿಡಿದು ಗೋಡೆಯ ಕ್ಯಾಲೆಂಡರ್ ನೋಡಿದರು. ಮೇ 11 ಬುಧವಾರ. ಅವರು ಜೋಡಿಸಿದ್ದು ಗುರುವಾರ. ಬರೆದುಕೊಟ್ಟ ಕಾಗದದಲ್ಲೇ ಹಾಗಿತ್ತೋ, ಇವರ ಕೈ ತಪ್ಪಿತೋ ಗೊತ್ತಿಲ್ಲ. ಆ ಕಾಗದ ಹುಡುಕಿ ನೋಡೋಣ ಅಂತ ಅತ್ತೆ ಅಂದಿದ್ದಕ್ಕೆ, "ನೋಡಿ ಏನ್ಮಾಡೋದು? ಕಾರ್ಡಲ್ಲಿ ತಪ್ಪಿದೆ" ಅಂದರು. ತಟ್ಟೆ ಬಿಟ್ಟು ಎದ್ದರು.

ಪ್ರೆಸ್ಸಿನ ಬೀಗ ತೆಗೆಸಿ, ಬುಧವಾರ ಅಂತ ಅದೇ ಅಳತೆಯ ಮೊಳೆ ಜೋಡಿಸಿ ದಾರದಿಂದ ಬಿಗಿಯಾಗಿ ಕಟ್ಟಿದರು. ಒಂದು ದಪ್ಪ ಗೆರೆಯನ್ನು ಬೇರೆ ಕಟ್ಟಿದರು. ಹಳೇ ಪೌಡರ್ ಡಬ್ಬಿಯಲ್ಲಿ ಸ್ವಲ್ಪ ಮಸಿ, ಒಂದು ಚೂರು ಬಟ್ಟೆ. ಬೆಳಗಿನ ಮೊದಲ ಬಸ್ಸಿಗೆ ಹೊರಟರು. ರಜೆ ಇತ್ತು, ನಾನೂ ಜೊತೆಗೆ ಹೋದೆ. ಹೆಣ್ಣಿನ ಅಪ್ಪ ಮೊದಲು ಜೋರು ಮಾಡಿದರು. ಮಾವ ಎದುರು ಮಾತಾಡಲಿಲ್ಲ. ಜಗುಲಿಯ ಮೇಲೆ ಚಾಪೆ ಹಾಸಿಕೊಂಡು ಕೂತರು. ನಾನು ಕಾರ್ಡು ತೆಗೆದು ಮುಂದಿಡೋದು, ಅವರು ಗೆರೆಯಿಂದ ಗುರುವಾರ ಹೊಡೆದುಹಾಕಿ ಅದರ ಮೇಲೆ ಬುಧವಾರ ಒತ್ತೋದು, ನಾನು ಒಣಗಲು ಹರಡೋದು. ಜಗುಲಿ ತುಂಬಿ ಅಂಗಳಕ್ಕೂ ಹರಡಿದೆವು. ಮೇಲೆ ಕಲ್ಲು ಇಟ್ಟೆವು. ಎಪ್ಪತ್ತೋ ಎಂಬತ್ತೋ ಕಾರ್ಡು ಆಗಲೇ ಹಂಚಿ ಆಗಿತ್ತು. ಮಧ್ಯಾಹ್ನದ ಮೇಲೆ ಮಾವ ಆ ಮನೆಗಳ ಹೆಸರು ಬರೆಸಿಕೊಂಡು, ಹೆಣ್ಣಿನ ತಮ್ಮನನ್ನು ಜೊತೆಗೆ ಕರೆದುಕೊಂಡು, ತೋಟದ ದಾರಿಯಲ್ಲಿ ಮನೆ ಮನೆಗೆ ನಡೆದರು. ಒಂದೊಂದು ಮನೆಯಲ್ಲೂ ಕಾರ್ಡು ಈಸಿಕೊಂಡು ಒತ್ತಿಕೊಟ್ಟರು. ಕಾರ್ಡು ಕಳೆದಿದ್ದವರಿಗೆ ಬಾಯಲ್ಲಿ ಹೇಳಿದರು. ಕತ್ತಲಾದ ಮೇಲೆ ವಾಪಸ್ ಬಂದಾಗ ಹೆಣ್ಣಿನ ಅಮ್ಮ ಬಿಸಿನೀರು ಕೊಟ್ಟು, ಊಟಕ್ಕೆ ಏಳಿ ಅಂದರು. "ಮೊನ್ನೆ ರಾತ್ರಿ ಇಂದ ಊಟ ಮಾಡಿಲ್ಲ ಇವ್ರು" ಅಂತ ನಾನು ಹೇಳಿಬಿಟ್ಟೆ. ಮೊನ್ನೆ ಅಲ್ಲ, ಒಂದೇ ದಿನ. ಆದರೆ ನನಗೆ ಅಷ್ಟು ದೀರ್ಘ ಅನ್ನಿಸಿತ್ತು. ಆಮೇಲೆ ಆ ಮನೆಯವರು ಎಲ್ಲ ಮದುವೆಗೂ ಮಾವನ ಹತ್ತಿರವೇ ಬಂದರು.

ಮೊದಲು ಹೇಳಿದ ವಿಷಯಕ್ಕೆ ಈಗ ಬರುತ್ತೇನೆ. ಅಚ್ಚಾದ ಯಾವುದೇ ಕಾಗದದ ಮೇಲೆ ಮುದ್ರಕರ ಹೆಸರು, ಊರು ಇರಬೇಕು ಅಂತ 1867ರ ಒಂದು ಕಾಯ್ದೆ ಹೇಳುತ್ತಿತ್ತು. ಅದರ ಪ್ರಕಾರ ಕೆಳಗೆ ಸಣ್ಣದಾಗಿ ಪ್ರೆಸ್ಸಿನ ಹೆಸರು ಬರುತ್ತಿತ್ತು. ಅದು ಸರಿಯೇ. ಬರೆದವರ ಹೆಸರು ಮೇಲೆ, ಪ್ರೆಸ್ಸಿನ ಹೆಸರು ಕೆಳಗೆ. ನಡುವೆ ಇರುವ ಒಂದೊಂದು ಅಕ್ಷರವನ್ನೂ ಎತ್ತಿ ಇಟ್ಟವನಿಗೆ ಮಾತ್ರ ಎಲ್ಲೂ ಜಾಗ ಇರಲಿಲ್ಲ. ಮಾವ ತಮ್ಮ ಕೈಯಿಂದಲೇ ಆ ಎರಡು ಹೆಸರನ್ನೂ ಸಾವಿರಾರು ಸಲ ಜೋಡಿಸಿದರು. ನನಗೆ ಇದು ಈಗಲೂ ನೋವು ಕೊಡುತ್ತದೆ. ಅವರಿಗೆ ಕೊಡುತ್ತಿತ್ತೋ ಇಲ್ಲವೋ, ನಾನು ಕೇಳಲೇ ಇಲ್ಲ. ಕೇಳಬೇಕಿತ್ತು.

1990ರಲ್ಲಿ ನನ್ನ ಮದುವೆ. ಕಾರ್ಡು ಮಾವನದೇ. ಕರಡು ಮನೆಗೆ ತಂದರು. ಕೊನೆಯಲ್ಲಿ ಬಂಧುಗಳ ಹೆಸರಿನ ಸಾಲು ಇರುತ್ತದಲ್ಲ, ಅಮ್ಮ ಓದುತ್ತಾ ಓದುತ್ತಾ ನಿಂತಳು. "ಅಣ್ಣಯ್ಯ, ನಿನ್ನ ಹೆಸರೆಲ್ಲಿ?"

"ಜಾಗ ಸಾಲ್ಲಿಲ್ಲ ಕಣಮ್ಮ."

ಅಮ್ಮ ಅವತ್ತು ಆಡಿದ ಜಗಳ ನಮ್ಮ ಮನೆಯಲ್ಲಿ ಇವತ್ತಿಗೂ ಪ್ರಸಿದ್ಧ. ಹೆಣ್ಣು ಸಾಕಿದ ಸೋದರಮಾವನ ಹೆಸರಿಲ್ಲದ ಕಾರ್ಡನ್ನು ನಾನು ಯಾರಿಗೂ ಕೊಡಲ್ಲ ಅಂದಳು. ಮಾವ ಸುಮ್ಮನೆ ಕರಡು ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಅಚ್ಚಾಗಿ ಬಂದ ಕಾರ್ಡಿನಲ್ಲಿ ಅವರ ಹೆಸರು ಇತ್ತು. ಅಕ್ಷರದ ಅಳತೆಯನ್ನು ಪಾಯಿಂಟಿನಲ್ಲಿ ಹೇಳುತ್ತಾರೆ. ಎಲ್ಲರ ಹೆಸರು ಹನ್ನೆರಡು ಪಾಯಿಂಟು. ಅವರದು ಹತ್ತು. ಆ ಕಾರ್ಡು ನನ್ನ ಹತ್ತಿರ ಇದೆ. ಈಗ ತಂದಿದ್ದೇನೆ, ಆಮೇಲೆ ನೋಡಬಹುದು.

1996ರಲ್ಲಿ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಒಬ್ಬಳು ಹುಡುಗಿ ಅಕ್ಷರ ಜೋಡಿಸಲು ಸೇರಿದಳು. ಮಾವನಿಗೆ ಕರಡು ನೋಡುವ ಕೆಲಸ ಕೊಟ್ಟರು. ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಹೋಗಿ ಆ ಹುಡುಗಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ನೀವೆಲ್ಲ ಬಳಸುತ್ತೀರಲ್ಲ. ನಡುವೆ ಎಫ್ ಒತ್ತಿದರೆ ಮುಂದಿನ ಅಕ್ಷರ ತಾನೇ ಒತ್ತಾಗಿ ಕೆಳಗೆ ಹೋಗಿ ಕೂರುತ್ತದೆ. ಮಾವ ಅದನ್ನು ಮತ್ತೆ ಮತ್ತೆ ಮಾಡಿಸಿ ನೋಡಿದರಂತೆ. ಮನೆಗೆ ಬಂದು ಅತ್ತೆಗೆ ಹೇಳಿದರು, "ಒತ್ತು ಹುಡುಕೋ ಹಾಗೇ ಇಲ್ಲ ಕಣೇ. ಅದಕ್ಕೇ ಗೊತ್ತು ಎಲ್ಲಿ ಕೂರಬೇಕು ಅಂತ." ಆ ದನಿಯಲ್ಲಿ ಸಂತೋಷವೇ ಇತ್ತು.

ಆ ಹುಡುಗಿಗೆ ಅವರು ಕಲಿಸಿದ ಒಂದು ವಿಷಯ ನನಗೂ ಕಲಿಸಿದ್ದರು. ಕರಡನ್ನು ಮೊದಲು ನೆಟ್ಟಗೆ ಓದು, ಆಮೇಲೆ ತಲೆಕೆಳಗು ಹಿಡಿದು ಓದು. ನೆಟ್ಟಗೆ ಓದುವಾಗ ಮನಸ್ಸು ಅರ್ಥದ ಹಿಂದೆ ಓಡಿ ತಪ್ಪನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ತಲೆಕೆಳಗೆ ಮಾಡಿದರೆ ಅಕ್ಷರ ಒಂದೊಂದಾಗಿ ಕಣ್ಣಿಗೆ ಬೀಳುತ್ತದೆ. ಮನೆಗೆ ಹೋಗಿ ಮಾಡಿ ನೋಡಿ.

ಇನ್ನೊಂದೆರಡು ವರ್ಷಕ್ಕೆ ಟ್ರೆಡಲ್ ಗುಜರಿಗೆ ಹೋಯಿತು. ಮೊಳೆಗಳನ್ನು ಕೆಜಿ ಲೆಕ್ಕದಲ್ಲಿ ಕೊಡುವುದು ಅಂತ ಆಯಿತು. ಕರಗಿಸುವುದಕ್ಕೆ. ಕೊನೆಯಲ್ಲಿ ಅಚ್ಚಾದ ಒಂದಿಷ್ಟು ಪುಟಗಳು ಇನ್ನೂ ಬಿಚ್ಚದೆ ದಾರ ಕಟ್ಟಿಕೊಂಡೇ ಬಿದ್ದಿದ್ದವು. ಮಾವ ಎರಡು ದಿನ ಕೂತು ಅವನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದನ್ನೂ ಅದರದರ ಮನೆಗೆ ಹಾಕಿದರು. ನಾನು ಊರಿಗೆ ಬಂದಿದ್ದೆ, ಅವರನ್ನು ಕರೆಯಲು ಹೋದೆ. ಹೇಗಿದ್ದರೂ ಎಲ್ಲ ಒಂದೇ ಚೀಲಕ್ಕೆ ಸುರಿಯುತ್ತಾರಲ್ಲ ಮಾವ ಅಂದೆ. ತಲೆ ಎತ್ತಲಿಲ್ಲ. "ಇನ್ನು ಮಹಾಪ್ರಾಣದ ಕೇಸು ಒಂದು ಬಾಕಿ ಇದೆ, ಬರ್ತೀನಿ ಇರು" ಅಂದರು. ನಾನು ಸ್ಟೂಲಿನ ಮೇಲೆ ಕೂತೆ. ಚಿಕ್ಕವಳಿದ್ದಾಗ ಕೂರುತ್ತಿದ್ದ ಅದೇ ಸ್ಟೂಲು.

ಅವರು ಹೋದದ್ದು 2014ರ ಮಳೆಗಾಲದಲ್ಲಿ. ನಿದ್ದೆಯಲ್ಲೇ. ಉತ್ತರಕ್ರಿಯೆಯ ಕಾರ್ಡು ಮಾಡಿಸಬೇಕಿತ್ತು. ಆ ಹುಡುಗಿ ಈಗ ಊರಿನಲ್ಲಿ ತಾನೇ ಒಂದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ, ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳ ಹತ್ತಿರ ಹೋದೆ. ಸುದ್ದಿ ಗೊತ್ತಿತ್ತು. ಏನೂ ಮಾತಾಡದೆ ಕೂತು ಟೈಪ್ ಮಾಡಿದಳು. ಮಾವನ ಹೆಸರನ್ನು ದೊಡ್ಡದಾಗಿ, ಇಪ್ಪತ್ತನಾಲ್ಕು ಪಾಯಿಂಟಿನಲ್ಲಿ ಹಾಕಿದಳು. 'ಇಂತಿ ದುಃಖತಪ್ತರು' ಅಂತ ಕೆಳಗೆ ನಮ್ಮೆಲ್ಲರ ಹೆಸರು. ಪ್ರಿಂಟ್ ತೆಗೆದು ನನ್ನ ಕೈಗೆ ಕೊಟ್ಟಳು. ನೆಟ್ಟಗೆ ಓದಿದೆ. ಆಮೇಲೆ ತಲೆಕೆಳಗು ಹಿಡಿದೆ. ಅವಳೂ ನನ್ನ ಪಕ್ಕಕ್ಕೆ ಬಂದು ನಿಂತು ಹಾಗೇ ಓದಿದಳು. ಒಂದು ಕಡೆ ಅಲ್ಪವಿರಾಮ ಬಿಟ್ಟುಹೋಗಿತ್ತು, ಹಾಕಿದಳು.

ಈಗಿನ ಪುಸ್ತಕಗಳಲ್ಲಿ ಎರಡನೇ ಪುಟದಲ್ಲಿ 'ಅಕ್ಷರ ಜೋಡಣೆ' ಅಂತ ಹೆಸರು ಹಾಕುತ್ತಾರೆ, ನೋಡಿರುತ್ತೀರಿ. ಕಾರ್ಡಿಗೆ ಯಾರೂ ಹಾಕುವುದಿಲ್ಲ.

"ಅಕ್ಕ, ಕೆಳಗಡೆ ನನ್ನ ಹೆಸರು ಹಾಕ್ಲಾ?" ಅಂತ ಕೇಳಿದಳು.

ಹಾಕು ಅಂದೆ. ಎಂಟು ಪಾಯಿಂಟಿನಲ್ಲಿ ಹಾಕಿದಳು. ನಾನು ಹನ್ನೆರಡು ಮಾಡಿಸಿದೆ.